ಅಕ್ಕನಿಗೆ ಜಾಮೀನು

ಹೊಸಹಳ್ಳಿ ಕಡೆಯ ದುರ್ಗಾಗೆ ಇಂಗ್ಲೆಂಡಿನಲ್ಲಿ ಎಂ.ಎ. ಓದಲು ಸೀಟು ಸಿಕ್ಕಿತು. ಹೊರದೇಶಕ್ಕೆ ಕಳಿಸುವ ಬಡ ಮಕ್ಕಳ ಸಂಖ್ಯೆಯನ್ನು ಸರ್ಕಾರ ಆ ವರ್ಷ ಹೆಚ್ಚಿಸಿದ್ದರಿಂದ ಖರ್ಚೆಲ್ಲ ಸರ್ಕಾರದ್ದೇ ಆಯಿತು. ಸುದ್ದಿ ಕೇಳಿದ ಅವ್ವ ಎರ್ರೆಮ್ಮ ಶೇಂಗಾ ಕೀಳುತ್ತಿದ್ದ ಹೊಲದಲ್ಲೇ ಕೂತು ಅತ್ತಳು.

ತೊಡಕು ಒಂದೇ ಇತ್ತು. ಓದು ಮುಗಿಸಿ ವಾಪಸು ಬರುತ್ತಾಳೆಂದು ಜಮೀನುಳ್ಳವರು ಯಾರಾದರೂ ಜಾಮೀನು ನಿಲ್ಲಬೇಕು ಎಂದರು ಕೂಡ್ಲಿಗಿಯ ಕಚೇರಿಯವರು. ತಾಯಿ, ಮಗಳು ಬೆನಕಪ್ಪ ಸಾಹುಕಾರರ ಅಂಗಳದಲ್ಲಿ ಹೋಗಿ ನಿಂತರು.

"ಸಹಿ ಹಾಕಾಕೇನು, ಹಾಕ್ತೀನಿ," ಎಂದರು ಬೆನಕಪ್ಪ. "ಇಕಿ ಅಲ್ಲೇ ಉಳಿದ್ಲು ಅಂದ್ರ ನನ್ನ ಹೊಲಕ್ಕ ನೋಟೀಸು ಬರತೈತಿ. ಆಗ ನಾನು ಯಾರನ್ನ ಹಿಡೀಲಿ? ಸಣ್ಣಾಕಿ ರೋಜಾ ಅದಾಳಲ್ಲ, ಆಕಿನ್ನ ನಮ್ಮ ಮನಿಯಾಗ ಬಿಡು. ನಮ್ಮವ್ವ ಹಾಸಿಗಿ ಹಿಡಿದಾಳ. ಅಕ್ಕ ಬಂದ ದಿನ ತಂಗಿನ್ನ ಕಳಿಸ್ತೀನಿ."

ಎರ್ರೆಮ್ಮ ಮಗಳ ಮುಖ ನೋಡಿದಳು. ಇದಕ್ಕೆ ಜೀತ ಎನ್ನುತ್ತಾರೆಂದು ದುರ್ಗಾಗೆ ಗೊತ್ತಿತ್ತು. ಆಯ್ಕೆಯ ಸಂದರ್ಶನದಲ್ಲಿ ಅದರ ಬಗ್ಗೆಯೇ ಚೆನ್ನಾಗಿ ಮಾತಾಡಿ ಬಂದಿದ್ದಳು.

"ಆತ್ರಿ," ಎಂದಳು ದುರ್ಗಾ.

ಪಿಯುಸಿ ಓದುತ್ತಿದ್ದ ರೋಜಾ ಕೇಳಿದ್ದು ಇಷ್ಟೇ: "ಪರೀಕ್ಷಿ ಮುಗಿಸ್ಕೊಂಡು ಹೋಗ್ಲೇನಕ್ಕಾ?"

"ಅಲ್ಲೀತನ ನನ್ನ ಸೀಟು ಉಳಿಯಂಗಿಲ್ಲ. ಒಂದ ವರ್ಷ ಅಲ್ಲೇನು, ತಡಕೋ."

ಇಂಗ್ಲೆಂಡಿನಿಂದ ದುರ್ಗಾ ಮೊದಮೊದಲು ದಿನವೂ ಫೋನ್ ಮಾಡುತ್ತಿದ್ದಳು. ರೋಜಾ ಹಿತ್ತಲಲ್ಲಿ ಮುದುಕಿಯ ಹಾಸಿಗೆ ಬಟ್ಟೆ ಒಗೆಯುತ್ತಲೇ ಮಾತಾಡುತ್ತಿದ್ದಳು. ಸಾಹುಕಾರರ ಹೆಂಡತಿ ನೀಲಗಂಗಮ್ಮ ಒಳಗಿಂದ ಕೂಗಿದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಬರಬರುತ್ತ ದುರ್ಗಾಗೆ ಆ ಕೂಗು ಬೇಗ ಬರಲಿ ಅನ್ನಿಸತೊಡಗಿತು.

ಓದು ಮುಗಿಯಿತು. ಅಲ್ಲೇ ಒಂದು ಸಂಸ್ಥೆ ಅವಳಿಗೆ ಕೆಲಸ ಕೊಡಲು ಒಪ್ಪಿತು.

"ಯಾವತ್ತು ಬರ್ತೀ ಅಕ್ಕಾ?" ಎಂದಳು ರೋಜಾ. "ಮುದುಕಿ ತೀರಿಕೊಂಡ್ಲು. ಆದ್ರೂ ನನ್ನ ಬಿಡವಲ್ರು. ನೀ ಬರಬೇಕಂತ."

"ಇಲ್ಲೇ ಕೆಲಸ ಸಿಕ್ಕೈತಿ."

"ಹಂಗಾದ್ರ ನಾನು?"

"ನಿನಗೇನು ಅಲ್ಲಿ ಊಟಕ್ಕ ಕಡಿಮಿ ಐತೇನು?"

ಬಾಯಿಂದ ಬಂದ ಮಾತು ಕೇಳಿ ದುರ್ಗಾಳೇ ಬೆಚ್ಚಿದಳು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಆ ಕಡೆ ರೋಜಾ ಪಾತ್ರೆ ತಿಕ್ಕುವ ಸದ್ದು ಶುರುವಾಯಿತು.

ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಕೇರಿಯ ಹುಲುಗಣ್ಣ ಫೋನ್ ಮಾಡಿದ. "ಸಾವ್ಕಾರ್ರ ಹೊಲಕ್ಕ ನೋಟೀಸು ಬಂದೈತವ್ವಾ. ನಿಮ್ಮವ್ವನ್ನೂ ಕರಕೊಂಡು ಹೋಗಿ ದನದ ಮನಿಯಾಗ ಇಟ್ಕೊಂಡಾರ. ನೀ ಒಂದು ಮಾತು ಹೇಳಿದ್ರ..."

"ಕೇಳಸವಲ್ದು," ಎಂದು ದುರ್ಗಾ ಫೋನ್ ಇಟ್ಟಳು. ಅವನ ದನಿ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಮರುದಿನ ಅವಳು ನಂಬರು ಬದಲಾಯಿಸಿದಳು.