ಆಲೂಗಡ್ಡೆ ಅಗೆಯುವ ಹೆಂಗಸರು

"ಅಪ್ಪ, ಅದನ್ನ ಒಳಗೆ ಇಡ್ಬೇಡಿ," ಎಂದು ಶ್ರೇಯಾ ತಂದೆಯ ಕೈ ಹಿಡಿದಳು.

ಸಂಕಪ್ಪ ಹೆಂಡತಿಯ ಶವಪೆಟ್ಟಿಗೆಯ ಮೇಲೆ ಬಾಗಿ, ಮ್ಯೂಸಿಯಮ್ಮಿನಲ್ಲಿ ಕೊಂಡಿದ್ದ ಚಿತ್ರದ ಕಾರ್ಡೊಂದನ್ನು ವಿನೋದಾಳ ಎದೆಯ ಮೇಲೆ ಇಡಹೊರಟಿದ್ದರು. ಜರ್ಮನ್ ಚಿತ್ರಕಾರನೊಬ್ಬನ ಹಳೆಯ ನಿಸರ್ಗಚಿತ್ರ. ಮುಕ್ಕಾಲು ಪಾಲು ಹೊಂಬಣ್ಣದ ಆಕಾಶ. ಕೆಳಗೆ ಆಲೂಗಡ್ಡೆ ಅಗೆಯುವ ಹೆಂಗಸರು, ಹೊಲದಂಚಿನಲ್ಲೊಂದು ಬುಟ್ಟಿ.

"ಎಂತಕ್ಕೆ ಬೇಡ? ಪ್ರತಿ ವರ್ಷ ಇದರ ಮುಂದೆ ನಿಂತ್ರೆ ಅಲುಗಾಡ್ತಿರ್ಲಿಲ್ಲ ಅವಳು."

"ಇರ್ಲಿ ಬಿಡಮ್ಮ," ಎಂದರು ಅಪ್ಪನ ಆಫೀಸಿನ ಗೆಳೆಯ ಮುರಳೀಧರ. "ಅವ್ರಿಗೆ ನೇಚರ್ ಅಂದ್ರೆ ಅಷ್ಟು ಇಷ್ಟ ಇತ್ತಲ್ಲ."

ಅವರು ನೆಲೆಸಿದ್ದ ವಿದೇಶಿ ಪಟ್ಟಣ ಕಾಪೆಲ್ಲೆಯ ಚಿತಾಗಾರದಲ್ಲಿ ಅವರಿಗೆ ಕೊಟ್ಟಿದ್ದ ಹೊತ್ತು ಮುಗಿಯುತ್ತ ಬಂದಿತ್ತು. ಮುಚ್ಚಳ ಹಾಕುವವನು ಬಾಗಿಲಲ್ಲಿ ನಿಂತಿದ್ದ. ಶ್ರೇಯಾ ತಂದೆಯ ಕೈ ಬಿಡಲಿಲ್ಲ. ಹೇಳುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದಳು.

*

ಹೋದ ವರ್ಷ ಆ ಚಿತ್ರದ ಮುಂದೆ ತಾಯಿ ಮಗಳು ಇಬ್ಬರೇ ಇದ್ದರು. ಅಪ್ಪ ಪಕ್ಕದ ಕೋಣೆಗೆ ಹೋಗಿದ್ದರು.

"ಲೈಟ್ ನೋಡು ಅಮ್ಮ, ಎಷ್ಟು ಚೆನ್ನಾಗಿದೆ."

"ಆ ಬುಟ್ಟಿಯಲ್ಲಿ ಮಗು ಉಂಟಾ ನೋಡು," ಎಂದಳು ವಿನೋದಾ.

ಶ್ರೇಯಾ ನಕ್ಕಳು. ವಿನೋದಾ ನಗಲಿಲ್ಲ.

"ಊರಲ್ಲಿ ನನ್ನ ಅಮ್ಮ ಧಣಿಗಳ ಗದ್ದೆಯಲ್ಲಿ ನೇಜಿ ನೆಡುವಾಗ ನನ್ನ ತಂಗಿಯನ್ನು ಬದುವಿನ ಮೇಲೆ ಮಲಗಿಸ್ತಿದ್ರು. ನೋಡಿಕೊಳ್ಳುವವಳು ನಾನು. ಒಂದು ದಿವಸ ಕೆಲಸ ಹಿಂದೆ ಬಿತ್ತು ಅಂತ ನನ್ನನ್ನೂ ಗದ್ದೆಗೆ ಇಳಿಸಿದ್ರು. ತಿರುಗಿ ನೋಡುವಾಗ ಮಗು ಉರುಳಿ ನೀರಿಗೆ ಬಿದ್ದಿತ್ತು."

"ಮತ್ತೆ ಯಾಕೆ ಪ್ರತಿ ವರ್ಷ ಇಲ್ಲಿಗೆ ಬರ್ತೀಯ?"

"ನಿನ್ನ ಅಪ್ಪನಿಗೆ ಈ ಚಿತ್ರ ಇಷ್ಟ ಅಲ್ವಾ. ಹೇಳ್ಬೇಡ ಅವರಿಗೆ."

*

ಮುರಳೀಧರ ದೂರ ಸರಿದು ನಿಂತಮೇಲೆ ಶ್ರೇಯಾ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಸಂಕಪ್ಪ ಪೆಟ್ಟಿಗೆಯ ಅಂಚನ್ನು ಹಿಡಿದೇ ಕೇಳಿದರು.

"ನನಗೆ ಚಿತ್ರ ಗಿತ್ರ ಎಂತ ಗೊತ್ತುಂಟು? ಅವಳಿಗೆ ಖುಷಿ ಅಂತ ಕರ್ಕೊಂಡು ಹೋಗ್ತಿದ್ದೆ." ಕಾರ್ಡಿನ ಬುಟ್ಟಿಯನ್ನೇ ನೋಡುತ್ತ ಕೇಳಿದರು, "ಆ ಮಗುವಿನ ಹೆಸರೆಂತ?"

"ಅಮ್ಮ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಕಾರ್ಡು ಅವರ ಕೋಟಿನ ಜೇಬು ಸೇರಿತು. ಹೆಂಡತಿಯ ಸೆರಗಿನ ಮಡಿಕೆ ಸರಿಮಾಡಿ, ಬಾಗಿಲ ಕಡೆ ತಲೆಯಾಡಿಸಿದರು.

ಎಲ್ಲ ಮುಗಿದ ಮೇಲೆ, ಇಲ್ಲಿನ ಪದ್ಧತಿಯಂತೆ, ಬಂದವರಿಗೆಲ್ಲ ಪಕ್ಕದ ಹಾಲ್‌ನಲ್ಲಿ ಕಾಫಿ ಇಟ್ಟಿದ್ದರು. ಎಷ್ಟು ಎಂದು ಕೌಂಟರಿನ ಹುಡುಗಿ ಕೇಳಿದಾಗ ಸಂಕಪ್ಪ ಎರಡು ಬೆರಳು ತೋರಿಸಿದರು. ಒಂದು ಕಪ್ಪಿಗೆ, ವಿನೋದಾ ಕುಡಿಯುತ್ತಿದ್ದ ಹಾಗೆ, ಸಕ್ಕರೆ ಹೆಚ್ಚಾಗಿ ಹಾಕಿ ಕದಡಿದರು. ಆಮೇಲೆ ಎರಡು ಕೈಯಲ್ಲಿ ಎರಡು ಕಪ್ಪು ಹಿಡಿದು ಜನರ ನಡುವೆ ನಿಂತು, ಒಂದೊಂದೇ ಕುರ್ಚಿಯನ್ನು ನೋಡತೊಡಗಿದರು.