ಹುಲ್ಲಿನ ಮುಖವಾಡ

ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲು ಕಡಿಮೆಯಾಗಿದೆ ಎಂದು ಮೊದಲು ಕಂಡುಹಿಡಿದವಳು ನಾನೇ. ಮನೆಗೆ ಹೊದಿಸಲೆಂದು ಅಣ್ಣ ಫೆಲಿಮ್ ಕುಡುಗೋಲಿನಲ್ಲಿ ಕೊಯ್ದು ಜೋಪಾನ ಮಾಡಿದ್ದ ಉದ್ದನೆಯ ಓಟ್ಸ್ ಹುಲ್ಲು ಅದು. ಅವನ ಮಗಳು ಡಿಂಪ್ನಾಳ ಮದುವೆಗೆಂದು ನಾನು ಬಂದು ಇನ್ನೂ ವಾರವಾಗಿರಲಿಲ್ಲ.

“ಪಕ್ಕದ ಟೂಹಿ ಮನೆಯವರದೇ ಕೆಲಸ,” ಎಂದೆ.

“ಇಲಿ ತಿಂದಿರ್ಬೇಕು ಬಿಡೇ, ಡೀಲಿಯಾ.”

“ಎರಡು ಹೊರೆ ತಿನ್ನೋ ಇಲಿನಾ? ಹಿಡಿದು ಗಾಡಿಗೆ ಕಟ್ಟು, ಕುದುರೆ ಖರ್ಚು ಉಳೀತದೆ!”

ಅವನು ನಗಲಿಲ್ಲ. ಒಂದು ಮೊಟ್ಟೆ ಕಾಣೆಯಾದರೆ ಊರನ್ನೇ ತಲೆಮೇಲೆ ಹೊತ್ತುಕೊಳ್ಳುವ ಮನುಷ್ಯ ಹೀಗೆ ತೆಪ್ಪಗಿದ್ದರೆ ಯಾರಿಗೆ ಅನುಮಾನ ಬರುವುದಿಲ್ಲ? ನನಗಂತೂ ಬಂತು.

ಆ ಮನೆಯಲ್ಲಿ ಯಾರೂ ಎತ್ತದ ಮಾತು ಒಂದಿತ್ತು, ಫೆಲಿಮ್‌ನ ಮಗ ಕಾರ್ಮಾಕ್‌ನದು. ಅತ್ತಿಗೆಯನ್ನು ಮಣ್ಣು ಮಾಡಿ ಬಂದ ದಿನ ಅವನು, “ಡಾಕ್ಟರನ್ನ ಕರೆಸದೆ ಅಮ್ಮನ್ನ ನೀನೇ ಕೊಂದೆ,” ಎಂದು ಅಪ್ಪನ ಎದುರಿಗೇ ಅಂದುಬಿಟ್ಟ. ಫೆಲಿಮ್ ಶಿಲುಬೆ ಮುಟ್ಟಿ ಆಣೆ ಇಟ್ಟ: “ನಾನು ಬದುಕಿರೋವರೆಗೂ ನಿನ್ನ ಮುಖ ಈ ಮನೆಯೊಳಗೆ ನನ್ನ ಕಣ್ಣಿಗೆ ಬೀಳಬಾರದು.” ಫೆಲಿಮ್ ಆಣೆ ಮುರಿಯುವ ಜಾತಿಯವನಲ್ಲ. ಹಟದಲ್ಲಿ ಅಪ್ಪನ ಮಗಳೇ ಆದ ಡಿಂಪ್ನಾ, “ಅಣ್ಣ ಬರದಿದ್ರೆ, ಗಂಡನ ಮನೆಗೆ ಹೋದವಳು ಮತ್ತೆ ಈ ಹೊಸಿಲು ತುಳಿಯಲ್ಲ,” ಎಂದಿದ್ದಳು. ಮಗ ಹೋಗಿದ್ದ, ಈಗ ಮಗಳೂ ಹೋಗುವವಳು.

ಮದುವೆಯ ಹಿಂದಿನ ಸಂಜೆ ಮಳೆ ಬಾರದಿರಲೆಂದು ಬಾಲಯೇಸುವಿನ ಬೊಂಬೆಯನ್ನು ಬೇಲಿಯ ಬುಡದಲ್ಲಿಟ್ಟೆ. ಬೆಳಗ್ಗೆ ಧೋ ಎಂದು ಸುರಿಯಿತು. ಯಾರೋ ಬೊಂಬೆಯನ್ನು ತಿರುಗಿಸಿಟ್ಟಿರಬೇಕು. ಇಗರ್ಜಿಯ ದಾರಿಯಲ್ಲಿ ಟೂಹಿಯ ಕೆಂಗೂದಲ ಹೆಂಡತಿ ಎದುರು ಬರುವುದು ಕಂಡು, ಕೆಂಗೂದಲವಳು ಎದುರಾದರೆ ಮದುವೆಗೆ ಅಪಶಕುನವೆಂದು, “ಸೌಭಾಗ್ಯವತಿ, ಗೋಡೆ ಹಿಂದೆ ನಿಂತ್ಕೋ!” ಎಂದು ಕೂಗಿದೆ. ಅವಳು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.

ಮನೆಯಲ್ಲಿ ಊಟ ಮುಗಿದು ಪಿಟೀಲು ಶುರುವಾದಾಗ ಹುಲ್ಲುಗಾರರು ಬಂದರು, ಮದುವೆ ಮನೆಗಳಲ್ಲಿ ವೇಷ ಹಾಕಿ ಕುಣಿಯುವ ಹುಡುಗರು. ಅವರನ್ನು ಯಾರೂ ಕರೆಯುವುದಿಲ್ಲ, ಬಂದವರನ್ನು ಯಾರೂ ಅಟ್ಟುವುದಿಲ್ಲ. ಮೈಗೆಲ್ಲ ಹುಲ್ಲು, ಮುಖ ಮುಚ್ಚುವಂಥ ಹುಲ್ಲಿನ ಕುಲಾವಿ. ಹೆಸರು ಕೇಳಬಾರದು, ನಾವಾಗಿ ಕುಲಾವಿ ಎತ್ತಬಾರದು. ಎತ್ತಿದರೆ ಮದುಮಗಳಿಗೆ ಕೇಡು.

ಎಲ್ಲರಿಗಿಂತ ಎತ್ತರದವನು ಡಿಂಪ್ನಾಳ ಕೈ ಹಿಡಿದು ಕುಣಿದ. ತಿರುಗುವಾಗ ಅವನ ಬಲಗಾಲು ತುಸು ಎಳೆಯುತ್ತಿತ್ತು. ಚಿಕ್ಕವನಿದ್ದಾಗ ಸೂರಿನಿಂದ ಬಿದ್ದು ಕಾಲು ಮುರಿದುಕೊಂಡವನು ನಮ್ಮ ಮನೆಯಲ್ಲಿ ಒಬ್ಬನೇ. ಡಿಂಪ್ನಾ ಅವನ ಹುಲ್ಲಿನ ಹೆಗಲಿಗೆ ಹಣೆ ಒತ್ತಿ ಅಳುತ್ತಿದ್ದಳು. ಫೆಲಿಮ್ ನೋಡಿದರೆ ಎಲ್ಲರೆದುರು ಇವನನ್ನು ಹೊರಗೆ ದಬ್ಬುತ್ತಾನೆ, ಅಲ್ಲಿಗೆ ಮದುವೆ ಮನೆ ಮಸಣವಾಗುತ್ತದೆ.

ಹುಲ್ಲುಗಾರನ ತೋಳು ಹಿಡಿದು ಬಾಗಿಲ ಬಳಿಗೆ ಎಳೆದೆ. “ಯಾರೋ ನೀನು? ನಿಜ ಹೇಳು!” ಎನ್ನುತ್ತ ನನ್ನ ಹಾಳು ಕೈ ಕುಲಾವಿಯ ಅಂಚಿಗೇ ಹೋಯಿತು.

ಯಾರೋ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. ನೋಡಿದರೆ ಫೆಲಿಮ್!

“ಕೈ ತೆಗಿ, ಡೀಲಿಯಾ. ಹುಡುಗಿಗೆ ಕೇಡಾಗ್ತದೆ.”

ಆಗ ನನಗೆ ಕುಲಾವಿಯ ಹಿಂದಿನ ಗಂಟು ಕಂಡಿತು. ಬಲದಿಂದ ಎಡಕ್ಕೆ ಸುತ್ತಿದ ಗಂಟು. ಹಾಗೆ ಹುಲ್ಲು ಹೆಣೆಯುವ ಎಡಚ ಈ ಸೀಮೆಯಲ್ಲಿ ಒಬ್ಬನೇ. ಚಿಕ್ಕಂದಿನಲ್ಲಿ ಅದಕ್ಕಾಗಿ ಅಮ್ಮನಿಂದ ಏಟು ತಿಂದವನು ಈಗ ನನ್ನ ಕೈ ಹಿಡಿದು ನಿಂತಿದ್ದ.

ಇಲಿಯಂತೆ ಇಲಿ!

ಫೆಲಿಮ್ ವಿಸ್ಕಿ ಬಗ್ಗಿಸಿ ಲೋಟವನ್ನು ಹುಲ್ಲುಗಾರನ ಕೈಗಿಟ್ಟ. ಕುಡಿಯಬೇಕಾದರೆ ಕುಲಾವಿಯನ್ನು ಮೇಲಕ್ಕೆ ಸರಿಸಲೇಬೇಕು. ಫೆಲಿಮ್ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಂತ.

“ಕುಡಿದಾಯ್ತಾ?” ಎಂದು ಗೋಡೆಯನ್ನೇ ಕೇಳಿದ.

“ಆಯ್ತು, ಅಪ್ಪಾ.”

ಫೆಲಿಮ್ ತಿರುಗಲಿಲ್ಲ. ಬಾಟಲಿ ಹಿಡಿದ ಎಡಗೈಯನ್ನು ಹಾಗೇ ಹಿಂದಕ್ಕೆ ಚಾಚಿದ.

“ಇನ್ನೊಂದು ಚೂರು ಹಾಕ್ಕೊ. ಹೊರಗೆ ಚಳಿ ಇದೆ.”