ಏಳನೆಯವನ ತಟ್ಟೆ, ಎಂಟನೆಯವನ ಹೊಟ್ಟೆ

೧
ಎಲ್ಲಿಂದ ಶುರು ಮಾಡಲಿ? ಹೊಟ್ಟೆಯಿಂದ ಎಂದರೆ, ಈ ಕಥೆಯ ಹೊಟ್ಟೆ ಕಂಪ್ಯೂಟರಿನಲ್ಲಿದೆ. ಅದನ್ನು ಕಟ್ಟಿದವಳು ಶಿಲ್ಪಶ್ರೀ, ಜೆ.ಪಿ. ನಗರದ ಒಂದು ಔಷಧ ಕಂಪನಿಯವಳು. ಜಿಡ್ಡು ತಿಂದಷ್ಟೂ ಹೆಚ್ಚು ಮೈಗೆ ಹತ್ತುವ ಎದೆಬಡಿತದ ಹೊಸ ಮಾತ್ರೆಯನ್ನು ತಿಂಡಿಯ ಜೊತೆ ನುಂಗಿದರೆ ರಕ್ತಕ್ಕೆ ಎಷ್ಟು ಸೇರುತ್ತದೆ ಎಂದು ಆ ಕಂಪ್ಯೂಟರ್ ಹೊಟ್ಟೆ, ಅಂದರೆ ಅವಳ ಮಾಡೆಲ್, ಮೊದಲೇ ಹೇಳಿತ್ತು. ಆಮೇಲೆ ಹನ್ನೆರಡು ಜನಕ್ಕೆ ಜಿಡ್ಡಿನ ತಿಂಡಿ ಕೊಟ್ಟು, ಮಾತ್ರೆ ನುಂಗಿಸಿ, ರಕ್ತ ತೆಗೆದು ನೋಡಿದರು. ಮಾಡೆಲ್ ಹೇಳಿದ್ದಕ್ಕೂ ರಕ್ತದಲ್ಲಿ ಸಿಕ್ಕಿದ್ದಕ್ಕೂ ಸರಾಸರಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

(ಇಷ್ಟು ಸರಿಹೋದರೆ ನನಗೆ ಅನುಮಾನ. ನಿಮಗೂ ಬರಲಿ.)

೨
ಅವಳಿಗೂ ಬಂತು.

"ಸಖತ್ ಮ್ಯಾಚ್ ಆಗಿದೆ, ಸೈನ್ ಹಾಕಿ. ಇನ್ಮೇಲೆ ಊಟ ಹಾಕಿ ಟೆಸ್ಟ್ ಮಾಡೋದೇ ಬೇಡ, ಕಂಪ್ಯೂಟರ್ ಸಾಕು" ಎಂದರು ಬಾಸ್ ಕೈಲಾಸ್.

ಅವಳು ಸಹಿ ಹಾಕದೆ ಒಬ್ಬೊಬ್ಬರ ಗ್ರಾಫನ್ನೂ ಬಿಡಿಬಿಡಿಯಾಗಿ ನೋಡಿದಳು. ಏಳನೆಯವನದು ಏನೂ ತಿನ್ನದವನ ಹಾಗೆ ನೆಲ ಕಚ್ಚಿತ್ತು. ಎಂಟನೆಯವನದು ಅಪಾಯದ ಗೆರೆ ದಾಟಿತ್ತು. ಒಬ್ಬನ ಕೊರತೆಯನ್ನು ಇನ್ನೊಬ್ಬ ತುಂಬಿದ್ದರಿಂದ ಸರಾಸರಿ ಏನೂ ಅರಿಯದ ಹಾಗೆ ಕೂತಿತ್ತು.

೩ (ಹರಿದ ಕರಡು)
ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ಶಿಲ್ಪಶ್ರೀಗೆ ಏಳನೆಯವನೇ ಎದುರಾದ...

"ನಿಲ್ಸಿ ಸಾರ್! ವಾಲಂಟಿಯರ್‌ಗಳ ಹೆಸ್ರು ನಮಗೆ ಕೊಡೋದೇ ಇಲ್ಲ, ಬರೀ ನಂಬರ್. ನಾನು ಹೇಗೆ ಗುರುತು ಹಿಡೀಲಿ? ಕಥೆ ಅಂತ ಏನ್ ಬೇಕಾದ್ರೂ ಬರೀತೀರಾ?"

ಶಿಲ್ಪಶ್ರೀಯಿಂದಲೇ ಬೈಸಿಕೊಂಡು ಕರಡು ಹರಿದೆ. ನೀವೇ ದಾರಿ ಹೇಳಿ ಎಂದೆ. ಅವಳು ಫೋನ್ ಎತ್ತಿಕೊಂಡಳು.

೪
ಫೋನಿನ ಆ ಕಡೆ, ಪರೀಕ್ಷೆಯ ದಿನ ಬೆಳಿಗ್ಗೆ ತಿಂಡಿಯ ಉಸ್ತುವಾರಿಗಿದ್ದ ನರ್ಸ್ ಹಂಸಾ.

"ತಟ್ಟೆ ಖಾಲಿ ಇತ್ತು ಮೇಡಂ, ತಿಂದ್ರು ಅಂತ ಟಿಕ್ ಹಾಕ್ದೆ."

"ಏಳನೇ ಅವ್ರೇ ತಿಂದ್ರಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು.

"ಅವತ್ತು ಸೋಮವಾರ ಮೇಡಂ. ತಿಂಡೀಲಿ ಮೊಟ್ಟೆ ಇತ್ತು. ಸೋಮವಾರ ಮುಟ್ಟಲ್ಲ ಅಂತ ಏಳನೇ ಅವ್ರು ಇಡೀ ತಿಂಡೀನ ಪಕ್ಕದ ಎಂಟನೇ ಅವ್ರ ತಟ್ಟೆಗೆ ಸುರಿದ್ಬಿಟ್ರು. ನಮ್ಮನೇಲೂ ಮುಟ್ಟಲ್ಲ, ನಾನ್ ಹೇಗ್ ಬಲವಂತ ಮಾಡ್ಲಿ? ಆಮೇಲೆ ಎಂಟನೇ ಅವ್ರಿಗೆ ತಲೆ ಸುತ್ತು ಬಂತು. ಬಿಸಿಲಿಗೆ ಇರ್ಬೇಕು ಅಂತ ಮಲಗಿಸ್ದೆ." ದನಿ ಇಳಿಯಿತು. "ನನ್ ಹೆಸ್ರು ಎಲ್ಲೂ ಬರೀಬೇಡಿ. ಸುಳ್ಳು ಟಿಕ್ ಅಂತ ಕೆಲಸಾನೂ ಹೋಗುತ್ತೆ, ನರ್ಸ್ ರಿಜಿಸ್ಟ್ರೇಷನ್ನೂ ಹೋಗುತ್ತೆ."

ಮಾಡೆಲ್‌ಗೆ ಆಮ್ಲ ಗೊತ್ತು, ಪಿತ್ತರಸ ಗೊತ್ತು. ವಾರ ಯಾವುದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

೫
"ಯಾರು ಹೇಳಿದ್ದು?" ಎಂದರು ಕೈಲಾಸ್, ತಟ್ಟೆಯ ವಿಷಯ ಅವಳ ಬಾಯಿಂದ ಕೇಳಿ. "ಹೆಸ್ರು ಕೊಡಿ. ಇಲ್ಲಾಂದ್ರೆ ಸೈನ್ ಹಾಕಿ. ಐದಕ್ಕೆ ರಿಪೋರ್ಟ್ ಅಪ್‌ಲೋಡ್."

ನಾನು ಕಥೆಯ ಮುಕ್ತಾಯಗಳನ್ನು ಹರವಿದೆ. ಒಂದರಲ್ಲಿ ಅವಳು ಸಹಿ ಹಾಕುತ್ತಾಳೆ. ಪದ್ಮನಾಭನಗರದ ಯಾರೋ ಮದುವೆ ಮನೆಯಲ್ಲಿ ತುಪ್ಪ ಸುರಿದ ಹೋಳಿಗೆ ನಾಲ್ಕು ತಿಂದು, ಡಾಕ್ಟರ್ ಹೇಳಿದಂತೆ ಊಟದ ಜೊತೆ ಮಾತ್ರೆ ನುಂಗುತ್ತಾರೆ. ಅದರ ಮುಂದೆ ಬರೆಯಲು ನನಗೆ ಭಯ. ಇನ್ನೊಂದರಲ್ಲಿ ಅವಳು ಹೆಸರು ಹೇಳುತ್ತಾಳೆ, ಹಂಸಾ ಬೀದಿಗೆ ಬೀಳುತ್ತಾಳೆ. ಮೂರನೆಯದರಲ್ಲಿ ಹೆಸರಿಲ್ಲದೆ 'ಅನುಮಾನವಿದೆ' ಎಂದಷ್ಟೇ ಬರೆಯುತ್ತಾಳೆ. ನನಗೆ ಹಿಡಿಸಿದ್ದು ಇದು.

"ಫಾರ್ಮಲ್ಲಿ ಅನುಮಾನಕ್ಕೆ ಕಾಲಂ ಇಲ್ಲ ಸಾರ್" ಎಂದಳು ಶಿಲ್ಪಶ್ರೀ.

೬
ಅಷ್ಟರಲ್ಲಿ ನನಗೇ ಹಂಸಾಳ ಫೋನ್.

"ನನ್ ಹೆಸ್ರು ನೀವೇ ಬರೆದ್ಬಿಟ್ರಾ ಸಾರ್?"

"ಹೆಸರು ಬದಲಾಯಿಸ್ತೀನಿ ಬಿಡಮ್ಮ."

"ಬದಲಾಯಿಸಿ ಏನ್ ಬಂತು? ಜೆ.ಪಿ. ನಗರ ಅಂತ ಇದೆ, ಸೋಮವಾರ ಅಂತ ಇದೆ. ಅವತ್ತು ಡ್ಯೂಟೀಲಿ ಇದ್ದೋಳು ನಾನೊಬ್ಳೇ."

ನಾಚಿಕೆಯಾಯಿತು. ನಾಲ್ಕನೇ ಭಾಗವನ್ನೇ ಅಳಿಸಲು ಹೋದೆ. ಅದಿಲ್ಲದೆ ಶಿಲ್ಪಶ್ರೀಯ ಮಾತನ್ನು ಯಾರೂ ನಂಬುವುದಿಲ್ಲವೆಂದು ಕೈ ತಡೆಯಿತು. ಅಳಿಸಿದರೂ, ನೀವು ಓದಿಯಾಗಿದೆ. ಐದಕ್ಕೆ ಇನ್ನು ಹತ್ತು ನಿಮಿಷ. ಯಾರು ಹೇಳಿದ್ದೆಂದು ಕೈಲಾಸ್ ಈಗ ನಿಮ್ಮನ್ನು ಕೇಳುತ್ತಿದ್ದಾರೆ.